ಕಾಪಿ ಉಳಿಯದ ಕ್ಯಾಮೆರಾ: ಇನ್‌ಸ್ಟ್ಯಾಕ್ಸ್ ಮಿನಿ 12 ಹಿಡಿದು ಬರ್ಮಾ ಸುತ್ತಿದ್ದು

ಮೊದಲೇ ಹೇಳಿಬಿಡುತ್ತೇನೆ, ಹೊಡೆದ ತಕ್ಷಣ ಫೋಟೊ ಹಾಳೆ ಹೊರಗೆ ಬಿಡೋ ಈ ಡಬ್ಬಿ ಕ್ಯಾಮೆರಾ ಅಂತ ನೋಡಿದರೆ ಆಟಿಕೆ. ಫೋಕಸ್ ಮಾಡೋ ಹಾಗಿಲ್ಲ. ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡೋ ಕಿಂಡಿ, ಎಫ್ 12.7ಕ್ಕೆ ಕೂತುಬಿಟ್ಟಿದೆ. ಫ್ಲ್ಯಾಶ್ ಬೇಡ ಅಂದರೂ ಹೊಡೆಯುತ್ತದೆ. ಬಣ್ಣ ಪುದೀನ ಚಟ್ನಿಯದು, ಅಂಗಡಿಯಲ್ಲಿ ಅದೊಂದೇ ಉಳಿದಿತ್ತು. ಹದಿನೈದು ವರ್ಷದಿಂದ ಗಂಗಾವತಿ ಸುತ್ತಮುತ್ತ ಮದುವೆ ಫೋಟೊ ಹೊಡೆಯೋ, ಹೊಟ್ಟೆ ಬಂದ, ಮೀಸೆ ಇರೋ ಮನುಷ್ಯ ಇದನ್ನ ಕೊರಳಿಗೆ ಹಾಕ್ಕೊಂಡು ನಿಂತರೆ ಹೇಗೆ ಕಾಣುತ್ತದೆ ಅಂತ ನೀವೇ ಯೋಚನೆ ಮಾಡಿ. ನಮ್ಮ ಅಸಿಸ್ಟೆಂಟ್ ಹುಡುಗ ಎರಡು ದಿನ ನಕ್ಕ.

ಆದರೂ ರಿವ್ಯೂ ಬರೆಯೋಕೆ ಕೂತಿದ್ದೇನೆ. 2024ರ ಫೆಬ್ರವರಿಯಲ್ಲಿ ಎರಡು ವಾರ ಮ್ಯಾನ್ಮಾರ್‌ನಲ್ಲಿದ್ದೆ, ನಮ್ಮ ಅಜ್ಜಂದಿರ ಬಾಯಲ್ಲಿ ಬರ್ಮಾ. ಜೊತೆಗೆ ಎರಡು ಲಕ್ಷದ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾ ಇತ್ತು, ಎರಡು ಲೆನ್ಸ್ ಇದ್ದವು. ಕೊನೆಗೆ ಕೆಲಸಕ್ಕೆ ಬಂದದ್ದು ಈ ಹಸಿರು ಡಬ್ಬಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಆಗುತ್ತದೆ. ಬರೀ ಬೆಲೆ, ಫೀಚರ್ ಬೇಕಿದ್ದವರು ಮುಂದಿನ ಎರಡು ಪ್ಯಾರಾ ಓದಿ ಹೋಗಿ, ಬೇಜಾರಿಲ್ಲ.

ಇದು ಫುಜಿಫಿಲ್ಮ್‌ನ ಇನ್‌ಸ್ಟ್ಯಾಕ್ಸ್ ಮಿನಿ 12, 2023ರಲ್ಲಿ ಬಂದ ಮಾಡೆಲ್. ಲೆನ್ಸ್ ತಿರುಗಿಸಿದರೆ ಆನ್. ಇನ್ನೂ ಸ್ವಲ್ಪ ತಿರುಗಿಸಿದರೆ ಕ್ಲೋಸಪ್, ಅಂದರೆ 30ರಿಂದ 50 ಸೆಂಟಿಮೀಟರ್ ದೂರದ್ದು. ಬಟನ್ ಒತ್ತಿದರೆ ಮೇಲಿನಿಂದ ಬಿಳಿ ಹಾಳೆ ಬರುತ್ತದೆ, ಒಂದೂವರೆ ನಿಮಿಷದಲ್ಲಿ ಚಿತ್ರ ಮೂಡುತ್ತದೆ. ಹಾಳೆ ಎಟಿಎಂ ಕಾರ್ಡಿನಷ್ಟು, ಒಳಗಿನ ಚಿತ್ರ 62 ಮಿಲಿಮೀಟರ್ ಉದ್ದ, 46 ಮಿಲಿಮೀಟರ್ ಅಗಲ. ಎರಡು ಪೆನ್ಸಿಲ್ ಸೆಲ್ ಸಾಕು. ಚಾರ್ಜರ್ ಇಲ್ಲ, ಆ್ಯಪ್ ಇಲ್ಲ, ಕಾರ್ಡ್ ಇಲ್ಲ. ನನಗೆ ಎಂಟು ಸಾವಿರ ಚಿಲ್ಲರೆ ಬಿತ್ತು. ಅದು ಬಿಡಿ, ಜೇಬು ಕತ್ತರಿಸೋದು ಫಿಲ್ಮ್. ಹತ್ತು ಹಾಳೆಯ ಪ್ಯಾಕ್ ತಗೊಂಡರೆ ಒಂದು ಕ್ಲಿಕ್ಕಿಗೆ ಐವತ್ತು ರೂಪಾಯಿ ಮೇಲೆ ಬೀಳುತ್ತದೆ. ನಮ್ಮಪ್ಪ ಸ್ಟುಡಿಯೊ ಇಟ್ಟಾಗ ರೋಲ್ ತೊಳೆಸೋ ಖರ್ಚಿಗೆ ಹೆದರಿ ಒಂದು ಮದುವೆಗೆ ಮೂರು ರೋಲ್ ಮೇಲೆ ಹೊಡೆಯುತ್ತಿರಲಿಲ್ಲ. ನಾನು ಈಗ ಅರಿಶಿನದ ದಿನವೇ ಎರಡು ಸಾವಿರ ಫ್ರೇಮ್ ಹೊಡೆಯೋನು. ಈ ಕ್ಯಾಮೆರಾ ಕೈಗೆ ಬಂದ ಮೇಲೆ ಅಪ್ಪನ ಹಾಗೆ ಉಸಿರು ಹಿಡಿದು ಒತ್ತೋದು ಕಲಿತೆ.

ಗಂಗಾವತಿಯಲ್ಲಿ ಸಿಗಲಿಲ್ಲ. ಕೊಪ್ಪಳದಲ್ಲಿ ಕೇಳಿದರೆ "ಆನ್‌ಲೈನ್ ತರಿಸ್ಕೊಳ್ರಿ ಅಣ್ಣಾ" ಅಂದರು. ಬಳ್ಳಾರಿಯ ಬೆಂಗಳೂರು ರಸ್ತೆಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಮಾಲೀಕರು ಪ್ಯಾಕ್ ಮಾಡುತ್ತ "ಯಾರ ಬರ್ತ್‌ಡೇ ಐತ್ರಿ?" ಅಂತ ಕೇಳಿದರು. ಹುಟ್ಟುಹಬ್ಬ ಬಿಟ್ಟರೆ ಬೇರೆ ಯಾರೂ ಇದನ್ನ ಕೊಳ್ಳಲ್ಲವಂತೆ. ಒಳ್ಳೆ ಮನುಷ್ಯ, ಡಬ್ಬಿ ತಿರುಗಿಸಿ ಫಿಲ್ಮಿನ ತಾರೀಕು ತಾವೇ ತೋರಿಸಿದರು. ಎಂಟು ಪ್ಯಾಕ್ ಬೇಕಿತ್ತು, ಅವರ ಹತ್ತಿರ ಆರೇ ಇದ್ದವು. ಉಳಿದ ಎರಡನ್ನು ಬೇರೆ ಕಡೆ ತಗೊಂಡೆ. ಅವು ತಾರೀಕು ಮುಗಿದು ಏಳು ತಿಂಗಳಾಗಿದ್ದವು, ಮನೆಗೆ ಬಂದ ಮೇಲೆ ನೋಡಿದೆ. ವಾಪಸ್ ಕೊಡೋಕೆ ಹೋದರೆ "ಅದೇನೂ ಆಗಲ್ಲ ಬಿಡ್ರಿ, ಹಾಲೇನು ಕೆಡಾಕೆ" ಅಂದ. ಹಾಲಲ್ಲ ನಿಜ. ಆದರೆ ಅದೂ ಕೆಡುತ್ತದೆ, ಬಣ್ಣ ಸಪ್ಪಗಾಗುತ್ತದೆ. ದುಡ್ಡು ಕೊಡೋ ಮುಂಚೆ ಡಬ್ಬಿ ತಿರುಗಿಸಿ ನೋಡಿ, ಅಷ್ಟೇ.

ಮೊದಲ ಪರೀಕ್ಷೆ ಆ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ, ಆ ಹಳೇ ಪ್ಯಾಕಿನಲ್ಲೇ. ಮಟಮಟ ಮಧ್ಯಾಹ್ನ ಒಬ್ಬ ಅಜ್ಜಿಯ ಫೋಟೊ ಹೊಡೆದೆ. ಮುಖ ಸುಣ್ಣ ಬಳಿದ ಹಾಗೆ ಬಂತು. ಇದು ಕ್ಯಾಮೆರಾದ ತಪ್ಪಲ್ಲ, ನನ್ನದು. ಕೆಲಸ ಗೊತ್ತಿದ್ದವರು ಲೆಕ್ಕ ಹಾಕಿ: ಫಿಲ್ಮ್ ಐಎಸ್‌ಒ 800, ಬಿಸಿಲಿನ ಎಫ್ 16 ಸೂತ್ರದ ಪ್ರಕಾರ ಎಫ್ 16ರಲ್ಲಿ 1/800 ಸೆಕೆಂಡ್ ಬೇಕು. ಇದರ ಅತಿ ವೇಗದ ಶಟರ್ 1/250, ಅದೂ 12.7ರಲ್ಲಿ. ಎರಡು ಸ್ಟಾಪಿಗಿಂತ ಜಾಸ್ತಿ, ಅಂದರೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟಿಗೂ ಮೇಲೆ ಬೆಳಕು ನುಗ್ಗುತ್ತದೆ. ನಮ್ಮ ಕಡೆ ಬಿಸಿಲಿಗೆ ಮಾಡಿದ ಮಾಲಲ್ಲ ಇದು. ನೆರಳು ಹುಡುಕಬೇಕು, ಬೇವಿನ ಮರದ ಕೆಳಗೆ ಕೂರಿಸಬೇಕು, 2.2 ಮೀಟರ್ ಒಳಗೇ ಇರಬೇಕು, ಯಾಕಂದರೆ ಫ್ಲ್ಯಾಶ್ ಮುಟ್ಟೋದು ಅಷ್ಟೇ ದೂರ. ಆ ಸುಣ್ಣದ ಮುಖವನ್ನೂ ಅಜ್ಜಿ ಬಿಡಲಿಲ್ಲ. "ಎಷ್ಟಪಾ?" ಅಂದಳು. ದುಡ್ಡು ಬೇಡ ಅಂದೆ. ನಂಬಲಿಲ್ಲ. ಸಂಚಿ ಬಿಚ್ಚಿ ಎಲೆ ಅಡಿಕೆ ನಡುವೆ ಫೋಟೊ ಇಟ್ಟುಕೊಂಡು, ನಾನು ಮನಸ್ಸು ಬದಲಾಯಿಸೋ ಮುಂಚೆ ಎದ್ದು ಹೋದಳು.

ಇನ್ನು ಬರ್ಮಾ. ನಮ್ಮ ಕಡೆ ಫೋಟೊಗ್ರಾಫರ್ ಆದವನು ಆನೆಗೊಂದಿ, ಹಂಪಿ, ಸಾಣಾಪುರ ಕೆರೆ ಬಿಟ್ಟು ಬದುಕಲ್ಲ. ವಾರಕ್ಕೊಂದು ಪ್ರೀ-ವೆಡ್ಡಿಂಗ್, ಅದೇ ಬಂಡೆ, ಅದೇ ತೆಪ್ಪ, ಅದೇ ಸೂರ್ಯ. ಹಂಪಿಯನ್ನ ಅಷ್ಟು ಸಲ ಹೊಡೆದವನಿಗೆ ಬಗಾನ್ ನೋಡೋ ಹುಚ್ಚು ಹಿಡಿಯದೆ ಇರುತ್ತಾ? ಇಲ್ಲಿ ತುಂಗಭದ್ರೆ, ಅಲ್ಲಿ ಐರಾವತಿ. ಇಲ್ಲಿ ಕಲ್ಲು, ಅಲ್ಲಿ ಇಟ್ಟಿಗೆ. ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿಗೆ ಬಂತು, ಬಗಾನ್ 2019ರಲ್ಲಿ. ಬಯಲಿನ ತುಂಬ 3,500ಕ್ಕೂ ಜಾಸ್ತಿ ದೇಗುಲ, ಸ್ತೂಪ, ಅವಶೇಷ. 2021ರ ಫೆಬ್ರವರಿ 1ರಂದು ಸೇನೆ ಸರ್ಕಾರವನ್ನ ಕಿತ್ತುಹಾಕಿ ಆಂಗ್ ಸಾನ್ ಸೂಕಿಯನ್ನ ಬಂಧಿಸಿತಲ್ಲ, ಆಮೇಲೆ ದೇಶ ತುಂಬ ಗುಂಡಿನ ಸದ್ದು. 2023ರ ಅಕ್ಟೋಬರ್ 27ಕ್ಕೆ ಉತ್ತರದ ಶಾನ್ ರಾಜ್ಯದ ಕಡೆ ಮೂರು ಸಶಸ್ತ್ರ ಗುಂಪು ಒಟ್ಟಿಗೆ ಸೇನೆ ಮೇಲೆ ಬಿದ್ದವು, ಅಲ್ಲಿಂದ ಇನ್ನೂ ಜೋರಾಯಿತು. ನಾನು ಹೋಗೋ ಹೊತ್ತಿಗೆ 26 ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟಿದ್ದರು ಅಂತ ವಿಶ್ವಸಂಸ್ಥೆ ಲೆಕ್ಕ. ಅನಗತ್ಯವಾಗಿ ಹೋಗಬೇಡಿ ಅಂತ ನಮ್ಮ ವಿದೇಶಾಂಗ ಇಲಾಖೆ ನವೆಂಬರಿನಲ್ಲೇ ಹೇಳಿತ್ತು. ನಾನು ಹೋಗಿದ್ದು ಜಾಣತನ ಅಂತ ಹೇಳಲ್ಲ. ಅವ್ವ ಅಂತೂ "ಅಲ್ಲಿ ಬಡದಾಟ ನಡದೈತಂತ, ನಿನಗೇನ್ ಅಲ್ಲಿ ಮದುವಿ ಆರ್ಡರ್ ಸಿಕ್ಕಾವೇನು?" ಅಂತ ರಾತ್ರಿಯೆಲ್ಲ ಬೈದಳು. ಉತ್ತರ ಇರಲಿಲ್ಲ.

ಹೊಸಪೇಟೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಹೌರಾ, ಕೋಲ್ಕತ್ತಾದಿಂದ ಯಾಂಗೊನ್‌ಗೆ ವಿಮಾನ. ಫಿಲ್ಮ್ ಒಯ್ಯೋರಿಗೆ ಒಂದು ಮಾತು: ಚೆಕ್-ಇನ್ ಬ್ಯಾಗಿಗೆ ಹಾಕಲೇಬೇಡಿ, ಅಲ್ಲಿ ಎಕ್ಸ್‌ರೇ ಜೋರು. ಕೈಬ್ಯಾಗಿನಲ್ಲಿ ಇಟ್ಟು, ಕೈಯಿಂದ ಪರೀಕ್ಷೆ ಮಾಡಿ ಅಂತ ವಿನಯವಾಗಿ ಕೇಳಿ. ಕೋಲ್ಕತ್ತಾದಲ್ಲಿ ಒಪ್ಪಿದರು. ವಾಪಸ್ ಬರುವಾಗ ಕೇಳೋ ಅಗತ್ಯವೇ ಬರಲಿಲ್ಲ, ಫಿಲ್ಮೇ ಉಳಿದಿರಲಿಲ್ಲ. ಡ್ರೋನ್ ಮನೆಯಲ್ಲೇ ಬಿಟ್ಟಿದ್ದೆ, ಅಲ್ಲಿ ವಿಮಾನ ನಿಲ್ದಾಣದಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಡಾಲರ್ ನೋಟು ಹೊಸದಾಗಿರಬೇಕು, ಮಡಿಕೆ ಬಿದ್ದಿದ್ದರೂ ಮುಟ್ಟಲ್ಲ. ನಮ್ಮಲ್ಲಿ ಹರಿದ ಹತ್ತರ ನೋಟು ಕಂಡಕ್ಟರಿಗೆ ದಾಟಿಸೋ ಚಾಲಾಕಿ ಅಲ್ಲಿ ನಡೆಯಲ್ಲ.

ಯಾಂಗೊನ್ ಬಗ್ಗೆ ಜಾಸ್ತಿ ಬರೆಯಲ್ಲ. ಶ್ವೆಡಗೊನ್ ಸ್ತೂಪ ಸಂಜೆ ಹೊತ್ತಿಗೆ ಬಂಗಾರದ ಗುಡ್ಡ. ಕರೆಂಟು ಹೋದರೆ ಊರೆಲ್ಲ ಜನರೇಟರ್ ಗುಡುಗು. ಬೀದಿಬದಿ ತಮಿಳು ಮೂಲದವರ ದೋಸೆ ತಿಂದೆ, ಅಲ್ಲಿ ಅದನ್ನ ತೋಶೇ ಅನ್ನುತ್ತಾರೆ. ನಮ್ಮ ಗಂಗಾವತಿ ಸೋನಾಮಸೂರಿ ದೋಸೆ ಮುಂದೆ ಅದು ಏನೂ ಅಲ್ಲ, ಆದರೆ ಮೂರನೇ ದಿನ ಅಮೃತ. ಕೊನೆಯ ಮೊಘಲ್ ಬಾದಶಹ ಬಹಾದ್ದೂರ್ ಷಾ ಜಫರ್ 1862ರಲ್ಲಿ ತೀರಿಕೊಂಡದ್ದು ಇದೇ ಊರಲ್ಲಿ, ಸಮಾಧಿಗೆ ಹೋಗಿ ಬಂದೆ.

ಮಂಡಾಲೆಯಲ್ಲಿ ನನ್ನ ದೊಡ್ಡ ಕ್ಯಾಮೆರಾ ಸೋತಿತು. ಮಂಡಾಲೆ ಹೆಸರು ನಮಗೆಲ್ಲ ಶಾಲೆಯಿಂದ ಗೊತ್ತು. ತಿಲಕರನ್ನ 1908ರಿಂದ 1914ರವರೆಗೆ ಬ್ರಿಟಿಷರು ಇಟ್ಟಿದ್ದ ಜೈಲು, ಅವರು ಗೀತಾರಹಸ್ಯ ಬರೆದ ಊರು. ಅದರ ಪಕ್ಕ ಅಮರಪುರದಲ್ಲಿ ಯೂ ಬೈನ್ ಸೇತುವೆ. 1850ರ ಸುಮಾರಿಗೆ ಕಟ್ಟಿದ್ದು, 1.2 ಕಿಲೋಮೀಟರ್, ಹೆಚ್ಚುಕಡಿಮೆ ಪೂರ್ತಿ ತೇಗ. ನಮ್ಮ ಅಜ್ಜನ ಮನೆಯ ಹೆಬ್ಬಾಗಿಲು ಬರ್ಮಾ ತೇಗದ್ದು ಅಂತ ಮನೆಯಲ್ಲಿ ಎಲ್ಲರೂ ಜಂಬ ಕೊಚ್ಚುತ್ತಿದ್ದರು, ಇಲ್ಲಿ ನೋಡಿದರೆ ಊರುಗಟ್ಟಲೆ ಉದ್ದಕ್ಕೆ ಅದೇ ಮರ ನೀರಲ್ಲಿ ನಿಂತಿದೆ. ಸಂಜೆ ಬೆಳಕು, ಸೈಕಲ್ ತಳ್ಳೋ ಹೆಂಗಸರು, ಕೆನ್ನೆಗೆ ಥನಕಾ, ಅಂದರೆ ಮರದ ತೊಗಟೆ ತೇಯ್ದ ಲೇಪ, ಬಳಿದ ಮಕ್ಕಳು. ಫೋಟೊಗ್ರಾಫರ್‌ಗೆ ಇನ್ನೇನು ಬೇಕು? ಕ್ಯಾಮೆರಾ ಎತ್ತಿದೆ. ಎದುರಿಗೆ ಬರುತ್ತಿದ್ದವರು ತಲೆ ಬಗ್ಗಿಸಿದರು. ಒಬ್ಬ ಟೋಪಿ ಇಳಿಸಿಕೊಂಡ. ಚಹಾ ಅಂಗಡಿಯ ಹುಡುಗ ಹತ್ತಿರ ಬಂದು, ನಗುತ್ತಲೇ, ಬೆರಳಲ್ಲಿ ಡಿಲೀಟ್ ಅನ್ನೋ ಸನ್ನೆ ಮಾಡಿದ. ಒಬ್ಬ ಹೂವಿನ ಹೆಂಗಸು ಒಂದೇ ಶಬ್ದ ಕೇಳಿದಳು, "ಫೇಸ್‌ಬುಕ್?" ಇಲ್ಲ ಇಲ್ಲ ಅಂತ ತಲೆ ಆಡಿಸಿದೆ. ಅವಳೂ ತಲೆ ಆಡಿಸಿದಳು, ನಂಬಲ್ಲ ಅಂತ.

ಅವರ ಹೆದರಿಕೆ ಸುಮ್ನೆ ಅಲ್ಲ. ಫೇಸ್‌ಬುಕ್ ಅಲ್ಲಿ 2021ರಿಂದ ಬಂದ್. ಏನು ಲೈಕ್ ಮಾಡಿದೆ, ಯಾರ ಜೊತೆ ನಿಂತೆ ಅಂತ ಫೋನು ನೋಡಿ ಒಳಗೆ ಹಾಕುತ್ತಾರೆ. ಮುಖ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲದವನ ಕಾರ್ಡಿಗೆ ಯಾರು ಮುಖ ಕೊಡುತ್ತಾರೆ? ಎರಡು ದಿನದಲ್ಲಿ ನಾನೂರು ಫ್ರೇಮ್ ಹೊಡೆದಿದ್ದೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಬರೀ ಬೆನ್ನು. ಬೆನ್ನು, ಛತ್ರಿ, ಲುಂಗಿಯ ಗಂಟು, ಮತ್ತೆ ಬೆನ್ನು. ಹೊಳೆಯಾಚೆ ಸಗೈಂಗ್ ಗುಡ್ಡದ ಮೇಲೆ ಬಿಳಿ ಸ್ತೂಪಗಳು ಮುತ್ತು ಚೆಲ್ಲಿದ ಹಾಗೆ ಕಾಣುತ್ತವೆ, ಆ ಪ್ರಾಂತ್ಯದಲ್ಲಿ ಹಳ್ಳಿ ಹಳ್ಳಿ ಸುಟ್ಟಿದ್ದಾರೆ. ಎಷ್ಟು ಚೆಂದದ ದೇಶ ಮಾರಾಯ್ರೆ. ನೋಡೋಕೇ ನಾಚಿಕೆ ಆಗುವಷ್ಟು.

ಮಂಡಾಲೆಯಿಂದ ಬಗಾನ್‌ಗೆ ಕಾರು. ಓಡಿಸೋನನ್ನ ಕೋ ಅಂತ ಕರೆಯುತ್ತಿದ್ದೆ, ಅವರಲ್ಲಿ ಕೋ ಅಂದರೆ ಅಣ್ಣ. ದಾರಿಯಲ್ಲಿ ಚೆಕ್‌ಪೋಸ್ಟ್. ನನ್ನ ಪಾಸ್‌ಪೋರ್ಟ್ ಒಂದು ಸಲ ತಿರುವಿ ಕೊಟ್ಟರು. ಕೋನ ಫೋನು ಹತ್ತು ನಿಮಿಷ ನೋಡಿದರು. ಅವನು ಹಿಂದಿನ ರಾತ್ರಿಯೇ ಎಲ್ಲ ಅಳಿಸಿದ್ದ, ಮಗಳ ಫೋಟೊ ಸಮೇತ. ಆಮೇಲೆ ನನ್ನ ಮಿರರ್‌ಲೆಸ್ ತಗೊಂಡು ಒಬ್ಬ ಗುಂಡಿ ಒತ್ತುತ್ತ ಒಂದೊಂದೇ ಫ್ರೇಮ್ ನೋಡಿದ. ಬೆನ್ನು, ಬೆನ್ನು, ಸೇತುವೆ, ಬೆನ್ನು. ಅವನಿಗೆ ಬೇಜಾರಾಯಿತು ಅನ್ನಿಸುತ್ತದೆ. ಆಗ ಬ್ಯಾಗಿನಿಂದ ಈ ಪುದೀನ ಡಬ್ಬಿ ಹೊರಗೆ ಬಂತು. ಎಲ್ಲರೂ ನಕ್ಕರು. ಫೋಟೊ ಎಲ್ಲಿ ಅಂತ ಹಿಂದೆ ಮುಂದೆ ತಿರುಗಿಸಿದ. ಪರದೆ ಇಲ್ಲ. ಕಾರ್ಡ್ ಹಾಕೋ ಕಿಂಡಿ ಇಲ್ಲ. ನಾನು ಎರಡೂ ಕೈ ಖಾಲಿ ತೋರಿಸಿದೆ. ಒಬ್ಬ ಚಿಕ್ಕ ಹುಡುಗ, ಇಪ್ಪತ್ತೂ ಆಗಿರಲಿಕ್ಕಿಲ್ಲ, ಬಂದೂಕು ಬೆನ್ನಿಗೆ ಸರಿಸಿ ಕೂದಲು ಸರಿಮಾಡಿಕೊಂಡ. ನನ್ನದು ಒಂದು ಹೊಡಿ ಅಂತ. ಹಿಂದಿನಿಂದ ಮೇಲಿನವನು ಗದರಿದ. ಹುಡುಗ ಸರಿದು ನಿಂತ. ನಾನೂ ಕ್ಯಾಮೆರಾ ಒಳಗೆ ಇಟ್ಟೆ, ಸೈನಿಕರ ಫೋಟೊ ಅಲ್ಲಿ ಮುಟ್ಟಬಾರದ ಮಾತು.

ಎರಡು ಕಿಲೋಮೀಟರ್ ಕಾರು ಓಡಿದ ಮೇಲೆ ಕೋ ಬಾಯಿ ಬಿಟ್ಟ. ನನ್ನ ಮಡಿಲಲ್ಲಿದ್ದ ಹಸಿರು ಡಬ್ಬಿಗೆ ಬೆರಳು ಮಾಡಿ "ದಿಸ್ ಒನ್, ನೋ ಮೆಮೊರಿ. ಗುಡ್" ಅಂದ. ಊಟಕ್ಕೆ ನಿಲ್ಲಿಸಿದಾಗ ತಾನೇ ಮರದ ಕೆಳಗೆ ಹೋಗಿ ನಿಂತು ಹೊಡಿ ಅಂದ. ಒಂದೂವರೆ ನಿಮಿಷ ಹಾಳೆಯನ್ನ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ. ನಡುವೆ ಎರಡು ಸಲ ಇಣುಕಿ ನೋಡಿದ. ಬೇರೆ ಕಾಪಿ ಇಲ್ಲವಾ ಅಂತ ಮತ್ತೆ ಕೇಳಿದ. ಇಲ್ಲ ಅಂದೆ. ಡ್ರೈವಿಂಗ್ ಲೈಸೆನ್ಸಿನ ಹಿಂದೆ ಇಟ್ಟುಕೊಂಡ, ಎರಡೂ ಒಂದೇ ಅಳತೆ.

ಈ ಕ್ಯಾಮೆರಾ ಬಗ್ಗೆ ನನಗೆ ಹೇಳಬೇಕಿರೋದು ಇಷ್ಟೇ. ಇದು ಫೋಟೊ ತೆಗೆದು ಇಟ್ಟುಕೊಳ್ಳಲ್ಲ, ತೆಗೆದು ಕೊಟ್ಟುಬಿಡುತ್ತದೆ. ಅದೇ ಕಂಪನಿಯ ಮಿನಿ ಲಿಂಕ್ ಅಂತ ಪ್ರಿಂಟರ್ ಇದೆ, ಫೋನಿನ ಚಿತ್ರವನ್ನ ಇದೇ ಹಾಳೆ ಮೇಲೆ ಛಾಪಿಸುತ್ತದೆ. ಮದುವೆಗೆ ಅದೇ ಮೇಲು, ಹತ್ತು ಹೊಡೆದು ಒಳ್ಳೇದನ್ನ ಆರಿಸಿ ಕೊಡಬಹುದು, ಹಾಳೆ ಉಳಿಯುತ್ತದೆ. ಡಿಜಿಟಲ್ ಕಾರ್ಡ್ ಇರೋ ಮಾಡೆಲ್‌ಗಳೂ ಇವೆ. ಹೋಗೋ ಮುಂಚೆ ಅದನ್ನೇ ತಗೋಬೇಕು ಅಂತಿದ್ದೆ, ದುಡ್ಡು ಸಾಲಲಿಲ್ಲ. ತಗೊಂಡಿದ್ದರೆ ಬಗಾನ್‌ನಲ್ಲೂ ಬೆನ್ನುಗಳನ್ನೇ ಹೊಡೆದು ಬರುತ್ತಿದ್ದೆ.

ಬಗಾನ್‌ನಲ್ಲಿ ಐದು ದಿನ. ಇನ್ಲೆ ಸರೋವರಕ್ಕೂ ಹೋಗೋ ಆಸೆ ಇತ್ತು, ಒಂಟಿ ಕಾಲಲ್ಲಿ ಹುಟ್ಟು ಹಾಕೋ ಮೀನುಗಾರರ ಊರು. ಶಾನ್ ಕಡೆ ದಾರಿ ಬೇಡ ಅಂತ ಕೋ ಹೇಳಿದ, ಬಿಟ್ಟೆ. ಅಷ್ಟೇನೂ ಹೊಟ್ಟೆ ಉರಿಯಲಿಲ್ಲ. ಬುಟ್ಟಿ ಎತ್ತಿ ಕಾಲು ಎತ್ತಿ ದುಡ್ಡಿಗೆ ಪೋಸ್ ಕೊಡೋ ಆ ಫೋಟೊ ಪ್ರತಿ ಸ್ಪರ್ಧೆಯಲ್ಲೂ ಒಂದು ಇದ್ದೇ ಇರುತ್ತದೆ, ನಮ್ಮ ಸಾಣಾಪುರದ ತೆಪ್ಪದ ಥರ.

ಬಗಾನ್ ಖಾಲಿ. ಇ-ಬೈಕ್ ಬಾಡಿಗೆಗೆ ಹಿಡಿದು ಧೂಳಲ್ಲಿ ಓಡಾಡಿದೆ. ಒಂದೊಂದು ದೇಗುಲದಲ್ಲಿ ನಾನು, ಬುದ್ಧ, ಒಂದು ನಾಯಿ. ಚಪ್ಪಲಿ ಬಿಟ್ಟು ಕಾದ ಇಟ್ಟಿಗೆ ಮೇಲೆ ಕುಣಿಯುತ್ತ ಓಡೋದು ಮಾತ್ರ ಥೇಟ್ ನಮ್ಮ ವಿರೂಪಾಕ್ಷನ ಗುಡಿ ಅಂಗಳವೇ. 2016ರ ಭೂಕಂಪದಲ್ಲಿ ಬಿದ್ದ ಶಿಖರಗಳನ್ನ ಹೊಸ ಇಟ್ಟಿಗೆಯಲ್ಲಿ ಕಟ್ಟಿದ್ದು ಗೊತ್ತಾಗುತ್ತದೆ. ಪ್ರವಾಸಿಗಳಿಲ್ಲದೆ ಮಾರೋರ ಪಾಡು ಕೇಳಬೇಡಿ, ಒಬ್ಬ ನನ್ನ ಹಿಂದೆ ಆರು ಜನ ಪೋಸ್ಟ್‌ಕಾರ್ಡ್ ಹಿಡಿದು ಬರುತ್ತಿದ್ದರು.

ಅಲ್ಲಿನ ಅರಗಿನ ಕೆಲಸ ಜಗತ್ತಿಗೇ ಹೆಸರುವಾಸಿ. ಬಿದಿರು ಸೀಳಿ, ಕುದುರೆ ಕೂದಲು ಸುತ್ತಿ ಬಟ್ಟಲು ಹೆಣೆದು, ಒಂದು ಮರದ ಕಪ್ಪು ಅಂಟನ್ನ ಪದರ ಪದರ ಬಳಿದು, ನೆಲಮಾಳಿಗೆಯಲ್ಲಿ ಒಣಗಿಸಿ, ಮತ್ತೆ ಬಳಿದು, ಆಮೇಲೆ ಸೂಜಿಯಂಥ ಮೊನೆಯಲ್ಲಿ ಚಿತ್ತಾರ ಕೆತ್ತುತ್ತಾರೆ. ಒಂದು ಒಳ್ಳೆ ಬಟ್ಟಲಿಗೆ ತಿಂಗಳುಗಟ್ಟಲೆ. ನಾನು ಫೋನಿನಲ್ಲಿದ್ದ ನಮ್ಮ ಕಿನ್ನಾಳದ ಗೊಂಬೆಗಳ ಫೋಟೊ ತೋರಿಸಿದೆ, ಗರುಡ, ಗೌರಿ, ಎತ್ತು. ಕೆಲಸದ ಹೆಂಗಸರು ಕೆತ್ತೋದು ಬಿಟ್ಟು ಸುತ್ತ ಬಂದರು. ಮರದ ಗೊಂಬೆಗೆ ಹುಣಸೆ ಬೀಜದ ಸರಿ ಮೆತ್ತುತ್ತಾರೆ ಅಂತ ಸನ್ನೆಯಲ್ಲಿ ಹೇಳೋಕೆ ಹೋಗಿ ನಾನೇ ಗೊಂಬೆ ಆದೆ. ಹುಣಸೆ ಅಲ್ಲೂ ಇದೆ, ಗಿಡ ತೋರಿಸಿದ ಮೇಲೆ ಗೊತ್ತಾಯಿತು. ನಂಟು ಬೆಳೆಯಿತು. ಹಸಿರು ಡಬ್ಬಿ ತೆಗೆದೆ. ಮೊದಲು ಒಬ್ಬಳು ಕೂತಳು. ಚಿತ್ರ ಮೂಡಿ ಕೈಗೆ ಬಂತು, ಕಾಪಿ ಇಲ್ಲ ಅಂತ ಖಾತ್ರಿ ಆಯಿತು. ಆಮೇಲೆ ಸಾಲು. ಥನಕಾ ಹೊಸದಾಗಿ ಬಳಿದುಕೊಂಡು ಬಂದರು, ಒಬ್ಬ ಅಜ್ಜ ಒಳಗೆ ಹೋಗಿ ಅಂಗಿ ಬದಲಾಯಿಸಿ ಬಂದ. ಆ ಒಂದು ಅಂಗಳದಲ್ಲಿ ಹತ್ತೊಂಬತ್ತು ಹಾಳೆ ಖಾಲಿ. ಕೆತ್ತೋ ಹುಡುಗಿಯೊಬ್ಬಳು ಕ್ಯಾಮೆರಾ ಕಸಿದುಕೊಂಡು ನನ್ನದೂ ಒಂದು ಹೊಡೆದಳು. ಬಿಸಿಲಿಗೆ ನಿಲ್ಲಿಸಿ ಹೊಡೆದಳು. ಎರಡು ಸ್ಟಾಪಿನ ಲೆಕ್ಕ ಯಾವ ಭಾಷೆಯಲ್ಲಿ ಹೇಳಲಿ.

ಫೆಬ್ರವರಿ 10, ಶನಿವಾರ. ಸೇನೆ ಕಡ್ಡಾಯ ಸೇವೆಯ ಕಾನೂನು ಜಾರಿ ಅಂತ ಸಾರಿತು. ಗಂಡಸರಿಗೆ 18ರಿಂದ 35, ಹೆಂಗಸರಿಗೆ 18ರಿಂದ 27. ಕನಿಷ್ಠ ಎರಡು ವರ್ಷ. ಮಾರನೆ ದಿನ ಅಂಗಳದಲ್ಲಿ ಕೆತ್ತೋ ಸದ್ದು ಇರಲಿಲ್ಲ. ಅಂಗಿ ಬದಲಾಯಿಸಿದ್ದ ಅಜ್ಜನ ಸೊಸೆ ತನ್ನ ಮಗನನ್ನ ಕರಕೊಂಡು ಬಂದಳು. ಇಪ್ಪತ್ತೆರಡರ ಹುಡುಗ, ಕೋಲು ಕೋಲಾಗಿದ್ದ. ಎರಡು ಬೆರಳು ತೋರಿಸಿದಳು. ಎರಡು ಬೇಕು, ಒಂದು ನನಗೆ, ಒಂದು ಅವನಿಗೆ. ಎಲ್ಲಿಗೆ ಹೋಗುತ್ತಾನೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನೆರಳಲ್ಲಿ ನಿಲ್ಲಿಸಿ ಹೊಡೆದೆ. ಈ ಕ್ಯಾಮೆರಾದಲ್ಲಿ ಎರಡು ಕಾಪಿ ಅನ್ನೋದು ಇಲ್ಲ, ಎರಡು ಸಲ ಹೊಡೆಯಬೇಕು. ಎರಡನೆಯದರಲ್ಲಿ ಹುಡುಗ ಕಣ್ಣು ಮುಚ್ಚಿದ್ದ. ಮದುವೆ ಆಲ್ಬಮ್ಮಿನಲ್ಲಿ ಅಂಥ ಫ್ರೇಮನ್ನ ನಾನು ಮೊದಲು ಕಿತ್ತು ಹಾಕೋನು. ಇನ್ನೊಂದು ಹೊಡೀತೀನಿ ಅಂತ ಸನ್ನೆ ಮಾಡಿದೆ. ಬೇಡ ಅಂದಳು. ಕಣ್ಣು ಬಿಟ್ಟದ್ದನ್ನ ಮಗನ ಜೇಬಿಗೆ ಹಾಕಿ, ಕಣ್ಣು ಮುಚ್ಚಿದ್ದನ್ನ ತಾನು ಇಟ್ಟುಕೊಂಡಳು.

ವಾಪಸ್ ಯಾಂಗೊನ್‌ಗೆ ಬಂದಾಗ ಥಾಯ್ಲೆಂಡ್ ರಾಯಭಾರ ಕಚೇರಿ ಮುಂದೆ ಹುಡುಗ ಹುಡುಗಿಯರ ಸಾಲು ರಸ್ತೆ ತಿರುಗಿ ಹೋಗಿತ್ತು. ಯಾವ ಕ್ಯಾಮೆರಾವನ್ನೂ ಹೊರಗೆ ತೆಗೆಯಲಿಲ್ಲ.

ಲೆಕ್ಕ ಕೊಡುತ್ತೇನೆ. ಹಳೇ ಪ್ಯಾಕ್ ಎರಡೂ ಜಾತ್ರೆಯಲ್ಲೇ ಮುಗಿದಿದ್ದವು. ಆರು ಪ್ಯಾಕ್, ಅರವತ್ತು ಹಾಳೆ ಒಯ್ದಿದ್ದೆ. ಐದು ನನ್ನ ತಪ್ಪಿನಿಂದ ಹಾಳು. ಅದರಲ್ಲಿ ಎರಡು, ಪ್ಯಾಕ್ ಮುಗಿಯೋ ಮುಂಚೆ ಹಿಂದಿನ ಬಾಗಿಲು ತೆಗೆದು ಬೆಳಕು ಹೊಕ್ಕಿಸಿದ್ದು. ಐವತ್ನಾಲ್ಕು ಅಲ್ಲೇ ಉಳಿದವು. ಮನೆಗೆ ಬಂದದ್ದು ಒಂದು, ಆ ಹುಡುಗಿ ಹೊಡೆದ ನನ್ನದು. ಊರಲ್ಲಿ ಗೆಳೆಯರು ಸ್ಟುಡಿಯೊಗೆ ಬಂದು ಬರ್ಮಾ ಫೋಟೊ ತೋರ್ಸಲೇ ಅಂದಾಗ ಬೆನ್ನುಗಳನ್ನ ತೋರಿಸಿದೆ. "ಇದೇನ್ಲೇ, ಎಲ್ಲಾರೂ ನಿನ್ನ ಮ್ಯಾಲೆ ಸಿಟ್ಟಾಗ್ಯಾರೇನು?" ಅಂದ ಒಬ್ಬ.

ನಮ್ಮ ಕಡೆ ಬಳಕೆಗೆ ಇನ್ನೆರಡು ಮಾತು. ಕಂಪನಿಯೇ ಹೇಳೋ ಹಾಗೆ 5ರಿಂದ 40 ಡಿಗ್ರಿ ಒಳಗೆ ಬಳಸಬೇಕು. ಬಳ್ಳಾರಿ, ರಾಯಚೂರಿನ ಏಪ್ರಿಲ್ ನಿಮಗೆ ಗೊತ್ತಲ್ಲ. ಫಿಲ್ಮನ್ನ ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ನಾನು ಇಟ್ಟು ಒಂದು ಪ್ಯಾಕ್ ಕೆಂಪಗಾಯಿತು. ಫ್ರಿಜ್ಜಿನಲ್ಲಿ ಇಡಿ, ಹೊಡೆಯೋಕೆ ಒಂದು ಗಂಟೆ ಮುಂಚೆ ಹೊರಗೆ ತೆಗೆಯಿರಿ. ಹಾಳೆ ಬಂದ ತಕ್ಷಣ ಗಾಳಿಗೆ ಬೀಸೋರು ಜಾಸ್ತಿ, ಬೀಸಬೇಡಿ, ಬಾಗಿದರೆ ಒಳಗಿನ ರಸಾಯನ ಸರಿಯಾಗಿ ಹರಡಲ್ಲ. ಗೋಡೆಗೆ ಅಂಟಿಸೋದಾದರೆ ಬಿಸಿಲು ಬೀಳೋ ಕಡೆ ಬೇಡ. ಈಗ ಮದುವೆಗಳಲ್ಲಿ ಇದನ್ನ ಒಯ್ಯುತ್ತೇನೆ. ಸ್ಟೇಜ್ ಮೇಲಿನವರಿಗಲ್ಲ. ಅಡುಗೆಯವರು, ಪಾತ್ರೆ ತೊಳೆಯೋರು, ಬ್ಯಾಂಡಿನವರು, ಯಾವ ಆಲ್ಬಮ್ಮಿಗೂ ಬರದ ಜನ. ಒಂದು ಮದುವೆಗೆ ಒಂದು ಪ್ಯಾಕ್, ಬಿಲ್ಲಿಗೆ ಸೇರಿಸಲ್ಲ. ಐದಕ್ಕೆ ಎಷ್ಟು ಸ್ಟಾರ್ ಅಂದರೆ, ಕ್ಯಾಮೆರಾಕ್ಕೆ ಮೂರು. ಫಿಲ್ಮಿನ ಬೆಲೆಗೆ ಒಂದು. ಉಳಿದದ್ದಕ್ಕೆ ಸ್ಟಾರ್ ಹೇಗೆ ಕೊಡೋದೋ ನನಗೆ ಗೊತ್ತಾಗಲಿಲ್ಲ.

2025ರ ಮಾರ್ಚ್ 28ರಂದು ಸಗೈಂಗ್, ಮಂಡಾಲೆ ಹತ್ತಿರ 7.7ರ ಭೂಕಂಪ ಆಯಿತಲ್ಲ. ಸತ್ತವರು 3,600 ದಾಟಿದರು. ಅವತ್ತು ಒಂದು ಮದುವೆ ಎಡಿಟಿಂಗ್‌ಗೆ ಕೂತಿದ್ದೆ, ಕೈ ಓಡಲಿಲ್ಲ. ಟಿವಿಯಲ್ಲಿ ತೋರಿಸೋ ಪ್ರತಿ ಮುಖವನ್ನೂ ಕೋನ ಮುಖ ಇರಬಹುದಾ ಅಂತ ನೋಡಿದೆ. ಅವನದು ಮಂಡಾಲೆ. ನಂಬರ್ ಇಲ್ಲ, ಬೇಡ ಅಂತಲೇ ಇಬ್ಬರೂ ತಗೊಂಡಿರಲಿಲ್ಲ. ಮುಖ ಜ್ಞಾಪಿಸಿಕೊಳ್ಳೋಣ ಅಂದರೆ ಹುಬ್ಬು ಬರುತ್ತದೆ, ಮೂಗು ಬರಲ್ಲ. ನಾಲ್ಕು ಟಿಬಿ ಹಾರ್ಡ್‌ಡಿಸ್ಕ್‌ಗಳಲ್ಲಿ ಗೊತ್ತಿಲ್ಲದವರ ಬೀಗರೂ ಸೋದರಮಾವಂದಿರೂ ಲಕ್ಷಗಟ್ಟಲೆ ಇದ್ದಾರೆ.

ಆ ಸಂಜೆ ಅವ್ವ ನನ್ನ ಸುಣ್ಣದ ಮುಖದ ಫೋಟೊ ಹಿಡಕೊಂಡು ಬಂದಳು. ದೇವರ ಜಗಲಿ ಮೇಲೆ ಇಟ್ಟಿದ್ದಳು, ದೀಪದ ಕಾವಿಗೆ ಬೇಡ ಅಂತ ನಾನು ನೂರು ಸಲ ಹೇಳಿದ್ದರೂ.

"ಇದನ್ನ ಹೊಡದಾಕಿ ಅಲ್ಲೇ ಇರ್ತಾಳೇನು?"

"ಅಲ್ಲಲ್ಲ ಅವ್ವ, ಅದು ಬ್ಯಾರೆ ಊರು. ಬಗಾನ್."

"ಆಕಿದು ಫೋಟೊ ಎಲ್ಲೈತಿ, ತೋರ್ಸು."

"ಆಕಿ ಹತ್ರನೇ ಐತಿ."